ಮರದ ಕೆಲಸ, ಮೇಣದ ಕೆಲಸ

ವೀಣೆಯನ್ನು ಕುರಿತು ಬರೆದವರು ಅದರ ನಾದವನ್ನೂ, ಅದನ್ನು ನುಡಿಸಿ ಕೀರ್ತಿ ಪಡೆದ ವಿದ್ವಾಂಸರನ್ನೂ, ಅದನ್ನು ಧರಿಸಿದ ದೇವಿಯನ್ನೂ ಮನದಣಿಯೆ ಕೊಂಡಾಡಿದ್ದಾರಲ್ಲದೆ, ಆ ನಾದದ ಭಾರವನ್ನು ಹಗಲಿರುಳೂ ಹೊತ್ತಿರುವ ದಂಡಿಯ ಮಾತನ್ನೆತ್ತಿದವರು ವಿರಳ. ನಾದವನ್ನು ತುಂಬಿಕೊಡುವ ಕೊಡಕ್ಕೆ ಗೌರವವುಂಟು. ದಂಡಿಯ ಇನ್ನೊಂದು ತುದಿಯಲ್ಲಿ ಬಾಯ್ದೆರೆದು ಕುಳಿತ ಯಾಳಿಯ ಮುಖಕ್ಕೆ ಬಣ್ಣವುಂಟು, ಬೇಗಡೆಯುಂಟು. ಇವೆರಡರ ನಡುವೆ ಚಾಚಿಕೊಂಡಿರುವ, ಒಳಗೆ ಟೊಳ್ಳಾದ, ಮೇಲೊಂದು ಹಲಗೆಯನ್ನು ಹೊದ್ದ ಮರದ ತುಂಡನ್ನು ಮೆಚ್ಚುವುದಕ್ಕೆ ಪ್ರೇಕ್ಷಕನಿಗೆ ಯಾವ ನಿಮಿತ್ತವೂ ಇಲ್ಲ. ಆದರೆ ನುಡಿಸುವ ನಾಲ್ಕು, ತಾಳದ ಮೂರು, ಒಟ್ಟು ಏಳು ತಂತಿಗಳು ನಾಗಪಾಶದಿಂದ ಹೊರಟು ಕುದುರೆಯನ್ನೇರಿ ಬಿರಡೆಗಳಿಗೆ ಸುತ್ತಿಕೊಂಡು, ಕಚೇರಿಯ ನಡುವೆ ಹೇಗೋ ಹಾಗೆಯೇ ಮೂಲೆಯಲ್ಲಿ ಗವಸು ಹೊದ್ದು ಮಲಗಿದಾಗಲೂ, ದಂಡಿಯನ್ನು ಎಡೆಬಿಡದೆ ತಮ್ಮತ್ತ ಜಗ್ಗುತ್ತಲೇ ಇರುತ್ತವೆ. ಈ ಸೆಳೆತವನ್ನು ತಡೆದು ನಿಲ್ಲುವುದೇ ದಂಡಿಯ ಧರ್ಮ. ಮೂವತ್ತು ನಲವತ್ತು ವರ್ಷ ತಡೆದು, ಒಂದು ಬೇಸಗೆಯಲ್ಲಿ ಕೂದಲೆಳೆಯಷ್ಟು ಸೋತಿತೆಂದರೆ, ಅದನ್ನು ಮೊದಲು ಕಾಣುವುದು ಕಣ್ಣಲ್ಲ, ಕಿವಿ.

ನನ್ನ ಸೋದರತ್ತೆಯ ವೀಣೆಗೆ ಹಾಗಾದುದು 1950ರ ದಶಕದ ನಡುವೆ, ನಾನು ಮೈಸೂರಿನಲ್ಲಿ ಅವರ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ. ಅತ್ತೆ ಚಿಕ್ಕ ವಯಸ್ಸಿನಲ್ಲಿ ಶೇಷಣ್ಣನವರ ವೀಣೆಯನ್ನು ಕೇಳಿದ್ದರು. 1926ರಲ್ಲಿ ಅವರು ತೀರಿಕೊಂಡಾಗ ಊರಿಗೆ ಊರೇ ಮಂಕಾದುದನ್ನು ಕಂಡವರು. ವೆಂಕಟಗಿರಿಯಪ್ಪನವರ ನುಡಿಸಾಣಿಕೆಯನ್ನಂತೂ ಅವರು ಬದುಕಿದ್ದಷ್ಟು ಕಾಲವೂ, ಅಂದರೆ 1952ರವರೆಗೂ, ಸಿಕ್ಕ ಅವಕಾಶವನ್ನು ಬಿಡದೆ ಕೇಳಿದವರು. ತಾವು ಮಾತ್ರ ಮನೆಯ ನಡುಮನೆಯನ್ನು ಬಿಟ್ಟು ಬೇರೆಲ್ಲಿಯೂ ನುಡಿಸಿದವರಲ್ಲ. ಮದುವೆಯಲ್ಲಿ ತವರಿನಿಂದ ಬಂದ ಆ ವೀಣೆ ಮೈಸೂರಿನಲ್ಲಿಯೇ ಮಾಡಿದ್ದು, ಬೀಟೆಯ ಮರದ್ದು, ಅಂಚಿನುದ್ದಕ್ಕೂ ದಂತದ ಪಟ್ಟಿಯನ್ನು ಕೂರಿಸಿದ್ದು. ತಂಜಾವೂರಿನವರು ಹಲಸನ್ನು ಹಿಡಿದಂತೆ ನಮ್ಮವರು ಬೀಟೆಯನ್ನು ಹಿಡಿದರು. ಯಾವುದು ಮೇಲೆಂಬ ವಾದ ಇಂದಿಗೂ ತೀರಿಲ್ಲ, ತೀರುವುದೂ ಬೇಡ. ಒಂದೇ ಮರದ ದಿಮ್ಮಿಯಲ್ಲಿ ಕೊಡವನ್ನೂ ದಂಡಿಯನ್ನೂ ಕೊರೆದು ತೆಗೆದ ಏಕಾಂಡ ವೀಣೆಗೆ ಸಂಧಿಯ ಬಾಧೆಯಿಲ್ಲ. ಆದರೆ ಅಂಥ ದಿಮ್ಮಿ ಎಲ್ಲರಿಗೂ ದೊರೆಯದು, ದೊರೆತರೂ ಬೆಲೆ ಎಲ್ಲರಿಗೂ ನಿಲುಕದು. ಅತ್ತೆಯದು ಒಟ್ಟು ವೀಣೆ. ಕೊಡ ಬೇರೆ, ದಂಡಿ ಬೇರೆ, ಯಾಳಿಯ ತಲೆ ಬೇರೆ. ಕೊಡಕ್ಕೂ ದಂಡಿಗೂ ನಡುವಣ ಬೆಸುಗೆಯ ಮೇಲೆ ದಂತದ ಒಂದು ಬಳ್ಳಿ ಹರಿದು, ಅಲ್ಲೊಂದು ಸಂಧಿಯಿದೆಯೆಂಬುದನ್ನು ಸೊಗಸಾಗಿ ಮರೆಸಿದ್ದಿತು.

ರೋಗದ ಲಕ್ಷಣಗಳು ಒಂದೊಂದಾಗಿ ಕಾಣಿಸಿಕೊಂಡುವು. ಮೊದಲು ತಾರಸ್ಥಾಯಿಯಲ್ಲಿ ಬೆರಳು ನೋಯತೊಡಗಿತು. ತಂತಿ ಮೆಟ್ಟಿಲಿನಿಂದ ಎತ್ತರಕ್ಕೆ ಹೋಗಿ, ಅದನ್ನು ಒತ್ತುವುದೇ ಒಂದು ಶ್ರಮವಾಯಿತು. ಬಳಿಕ ಅದೇ ಎಡೆಯಲ್ಲಿ ಸ್ವರಗಳು ಏರಿದುವು. ತಂತಿಯನ್ನು ಹೆಚ್ಚು ದೂರ ಕೆಳಕ್ಕೆ ಒತ್ತಿದಷ್ಟೂ ಅದು ಹೆಚ್ಚು ಬಿಗಿಯುತ್ತದೆ. ಬಿಗಿದಷ್ಟೂ ಸ್ವರ ಮೇಲೇರುತ್ತದೆ. ಆದುದರಿಂದ ಮೆಟ್ಟಿಲು ತನ್ನ ಸ್ಥಾನದಿಂದ ಎಳ್ಳಷ್ಟೂ ಕದಲದಿದ್ದರೂ ಷಡ್ಜವು ಷಡ್ಜವಾಗಿ ಉಳಿಯುವುದಿಲ್ಲ. ದಂಡಿ ಸಂಧಿಯ ಬಳಿ ಮಡಿಸಿಕೊಂಡು ಯಾಳಿಯ ಕಡೆಯ ತುದಿ ಮೇಲೆದ್ದಾಗ, ತಂತಿಗೂ ಮೆಟ್ಟಿಲಿಗೂ ನಡುವಣ ಅಂತರ ಅತ್ಯಧಿಕವಾಗುವುದು ಸಂಧಿಯ ಸಮೀಪದಲ್ಲಿಯೇ, ಅಂದರೆ ಕೊಡಕ್ಕೆ ಹತ್ತಿರವಾದ ತಾರದ ಮೆಟ್ಟಿಲುಗಳಲ್ಲಿಯೇ. ಇದೆಲ್ಲವನ್ನೂ ನಾನು ಅನಂತರ ತಿಳಿದುಕೊಂಡೆ. ಆಗ ನಾನು ಕಂಡದ್ದು ಇಷ್ಟೆ: ಸಂಜೆ ದೀಪ ಹಚ್ಚಿದ ಮೇಲೆ ವೀಣೆಯ ಮುಂದೆ ಕೂರುತ್ತಿದ್ದ ಅತ್ತೆ, ಮಧ್ಯಸ್ಥಾಯಿಯ ಆಚೆಗೆ ಹೋಗದೆ, ಎತ್ತಿಕೊಂಡ ರಾಗವನ್ನು ಅರ್ಧದಲ್ಲಿಯೇ ಇಳಿಸಿ ಎದ್ದುಬಿಡುತ್ತಿದ್ದರು.

ಒಬ್ಬ ರಿಪೇರಿಯವರು ಬಂದರು. ಹೊತ್ತು ಇಳಿಯುವುದರೊಳಗಾಗಿ ಮೇಣವನ್ನು ಕರಗಿಸಿ, ತಾರದ ಮೆಟ್ಟಿಲುಗಳನ್ನು ಎತ್ತರಿಸಿ ಕೂರಿಸಿ, ಹಣ ಪಡೆದು ಹೊರಟುಹೋದರು. ವೀಣೆ ಸರಿಯಾಯಿತು. ಮುಂದಿನ ಬೇಸಗೆಗೆ ಪುನಃ ಕೆಟ್ಟಿತು.

ಆಗ ಅತ್ತೆಗೆ ಯಾರೋ ಮಂಡಿಮೊಹಲ್ಲಾದ ಕಡೆಯ ಆಚಾರ್ಯರೊಬ್ಬರ ಸುಳಿವು ಕೊಟ್ಟರು. ವೃದ್ಧರು, ಬಾಗಿಲು ಕಿಟಕಿ ಮಂಚಗಳ ಕೆಲಸವನ್ನು ಮಕ್ಕಳಿಗೆ ಬಿಟ್ಟು, ವೀಣೆ ತಂಬೂರಿಗಳಿಗೆ ಮಾತ್ರ ಕೈಯಿಡುತ್ತಿದ್ದವರು. ವೀಣೆಯನ್ನು ಅಲ್ಲಿಗೆ ಸಾಗಿಸಿದ ಬಗೆಯನ್ನು ಹೇಳದೆ ಮುಂದುವರಿಯಲಾರೆ. ಜಟಕಾದಲ್ಲಿ ಅತ್ತೆ ಕುಳಿತು, ಪಕ್ಕದಲ್ಲಿ ವೀಣೆಯನ್ನು ಹಾಸಿಗೆಯ ಮೇಲೆ ಮಲಗಿಸಿದ ಮೇಲೆ ನನಗೆ ಸ್ಥಳ ಉಳಿಯಲಿಲ್ಲ. ಶೇಷಣ್ಣನವರಿಗೆ ಬರೋಡೆಯಲ್ಲಿ ಪಲ್ಲಕ್ಕಿಯ ಮರ್ಯಾದೆ ದೊರೆತುದೂ, ಅಂತಹುದೇ ಗೌರವವನ್ನು ಮೈಸೂರಿನಲ್ಲಿಯೂ ಮಾಡಹೊರಟಾಗ ಅವರು ಪಲ್ಲಕ್ಕಿಯಲ್ಲಿ ವೀಣೆಯನ್ನು ಕೂರಿಸಿ ತಾವು ಪಕ್ಕದಲ್ಲಿ ನಡೆದು ಬಂದುದೂ ನಮ್ಮಲ್ಲಿ ಪ್ರಸಿದ್ಧವಾದ ಕಥೆ. ಅತ್ತೆ ಗಾಡಿಯೊಳಗಿನಿಂದ ಆ ಕಥೆಯನ್ನು ನನಗೆ ಮತ್ತೊಮ್ಮೆ ಹೇಳಿದರು. ನಾನು ಆ ಘನಪರಂಪರೆಯನ್ನು ನಿರುಪಾಯನಾಗಿ ಪಾಲಿಸುತ್ತ ಜಟಕಾದ ಹಿಂದೆ ಬೆವರೊರಸಿಕೊಂಡು ನಡೆದೆ.

ಆಚಾರ್ಯರು ವೀಣೆಯನ್ನು ಮೀಟಿ ನೋಡುತ್ತಾರೆಂದು ನಾನೆಣಿಸಿದ್ದೆ. ಮೀಟಲಿಲ್ಲ. ಬಡಗಿಗಳು ಹಲಗೆಗೆ ಗೆರೆ ಹಾಕುವ ನೂಲನ್ನು ತೆಗೆದು, ಒಂದು ತುದಿಯನ್ನು ಯಾಳಿಯ ಬಳಿ ನನ್ನ ಕೈಯಲ್ಲಿ ಹಿಡಿಸಿ, ಇನ್ನೊಂದನ್ನು ತಾವೇ ಕೊಡದ ಮೇಲೆ ಬಿಗಿಯಾಗಿ ಹಿಡಿದು, ದಂಡಿಯ ಅಂಚಿಗೆ ಸಮನಾಗಿ ತಂದರು. ಎರಡು ಕೊನೆಗಳಲ್ಲಿ ಮರವನ್ನು ಮುಟ್ಟಿದ್ದ ನೂಲು ಸಂಧಿಯ ಬಳಿ ಮುಟ್ಟದೆ, ಕೆಳಗೆ ಬೆಳಕನ್ನು ಬಿಟ್ಟಿತು. ಆಮೇಲೆ ಪಂಚಾಂಗದ ಹಳೆಯ ಹಾಳೆಯೊಂದನ್ನು ಹರಿದು, ದಂತದ ಬಳ್ಳಿಯ ಪಕ್ಕದಲ್ಲಿ, ನನ್ನ ಕಣ್ಣಿಗೆ ಏನೂ ಕಾಣದಿದ್ದ ಎಡೆಯಲ್ಲಿ, ಅದರ ಅಂಚನ್ನು ಮೆಲ್ಲನೆ ತೂರಿಸಿದರು. ಹಾಳೆ ಉಗುರುದ್ದ ಒಳಕ್ಕೆ ಹೋಯಿತು.

"ಅಮ್ಮಾವ್ರೇ, ಇದು ಮೇಣದ ರೋಗವಲ್ಲ, ಮರದ್ದು" ಎಂದರು. "ತಾರದ ಕಡೆ ಮೇಣ ನೋಡಿ, ಎಷ್ಟು ದಪ್ಪ ಬಂದಿದೆ. ಮರ ಇಳಿದಷ್ಟೂ ಮೇಣ ಏರಿಸಿದ್ದಾರೆ. ಎಷ್ಟು ವರ್ಷ ಏರಿಸ್ತೀರಿ?"

"ಹಾಗಾದರೆ ಹೋದ ಸಲ ಬಂದವರು ಮಾಡಿದ್ದು ತಪ್ಪೇ ಆಚಾರ್ರೇ?"

"ತಪ್ಪು ಅಂತ ನಾನು ಹೇಗೆ ಹೇಳಲಿ? ಬೇಗ ಮಾಡಿದ್ದಾರೆ, ಅಷ್ಟೆ."

ಇಷ್ಟು ಹೇಳಿ ಆ ಪ್ರಸಂಗವನ್ನು ಅಲ್ಲಿಗೆ ಮುಗಿಸಿದರು. ವರ್ಷ ವರ್ಷವೂ ತಿದ್ದತಕ್ಕದ್ದು ಒಂದುಂಟು, ಅದು ಮೇಣದ ಮೇಲಿನದು. ಆಯುಸ್ಸಿಗೊಮ್ಮೆ ತಿದ್ದತಕ್ಕದ್ದು ಒಂದುಂಟು, ಅದು ಮರದ್ದು. ಮೊದಲನೆಯದರಿಂದ ಎರಡನೆಯದನ್ನು ಮುಚ್ಚುವುದು ಅವರ ಕಸುಬಿನ ಮರ್ಯಾದೆಗೆ ಸಲ್ಲದು. ಈ ವಿವೇಕವನ್ನು ಅವರು ಸೂತ್ರರೂಪವಾಗಿ ಎಂದೂ ಹೇಳಿದವರಲ್ಲ. ಅವರ ಪಕ್ಕದಲ್ಲಿ ಕುಳಿತು ನೋಡಿದಾಗ ಕೈಕೆಲಸದಲ್ಲಿ ಅದು ಕಾಣುತ್ತಿತ್ತು.

ಆದರೆ ಕೆಲಸ ಕೂಡಲೆ ಮೊದಲಾಗಲಿಲ್ಲ. ಆಷಾಢದ ಜಡಿಮಳೆ ಹಿಡಿದಿದ್ದಿತು. ಆ ಹಸಿಗಾಳಿಯಲ್ಲಿ ಮರವಜ್ರ ಆರದೆಂದು ಅವರು ಉಳಿಯನ್ನೇ ಎತ್ತಲಿಲ್ಲ. ನವರಾತ್ರಿಯ ಸರಸ್ವತೀಪೂಜೆಗೆ ವೀಣೆ ಮನೆಯಲ್ಲಿರಬೇಕಲ್ಲ ಎಂದು ನೆರೆಮನೆಯ ಹೆಂಗಸೊಬ್ಬರು ಕಳವಳಪಟ್ಟಾಗ ಅತ್ತೆ, ಪೂಜೆಗೆ ಇಟ್ಟ ವೀಣೆಯನ್ನು ಯಾರೂ ನುಡಿಸುವಂತಿಲ್ಲವಾದ್ದರಿಂದ ಅದು ಮುರಿದದ್ದಾದರೂ ದೇವಿಗೆ ತಿಳಿಯದು, ವಿಜಯದಶಮಿಗೆ ಬಂದರೆ ಸಾಕು ಎಂದರು.

ಮಳೆ ಹಿಂದೆಗೆದು ಬಿಸಿಲು ಕಾಣಿಸಿದ ಮೇಲೆ, ಶಾಲೆ ಬಿಟ್ಟೊಡನೆ ನಾನು ಅವರ ಕೊಟ್ಟಿಗೆಗೆ ಹೋಗತೊಡಗಿದೆ. ಮೊದಲು ತಂತಿಗಳನ್ನು ಇಳಿಸಿದರು; ಒಂದನ್ನು ಪೂರಾ ಬಿಚ್ಚಿ ಇನ್ನೊಂದಕ್ಕೆ ಹೋಗದೆ, ಏಳನ್ನೂ ಸರದಿಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿದರು. ಬಹುಕಾಲ ಒಂದು ಕಡೆಗೆ ಜಗ್ಗಿಸಿಕೊಂಡ ಮರವನ್ನು ಥಟ್ಟನೆ ಬಿಟ್ಟರೆ ಅದಕ್ಕೆ ಆಘಾತವಾಗುವುದೆಂಬುದು ಅವರ ನಂಬಿಕೆ. ಬಳಿಕ ಕಾಯಿಸಿದ ತೆಳುವಾದ ಕತ್ತಿಯಿಂದ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ಮೇಣದಿಂದ ಬಿಡಿಸಿ, ಒಂದು ಹಲಗೆಯ ಮೇಲೆ ಅನುಕ್ರಮವಾಗಿ ಜೋಡಿಸಿದರು. ಕಪ್ಪು ಮೇಣವನ್ನು ಹೆರೆದು ಬಾಣಲೆಯಲ್ಲಿ ಕೂಡಿಟ್ಟರು. ಜೇನುಮೇಣ, ರಾಳ, ದೀಪದ ಕಾಡಿಗೆ ಬೆರೆತ ಆ ದ್ರವ್ಯ ಎಷ್ಟು ಹಳತಾದರೂ ಕೆಡುವುದಿಲ್ಲ, ಕರಗಿಸಿದರೆ ಹೊಸದೇ.

ಮೆಟ್ಟಿಲಿಲ್ಲದ ವೀಣೆಯನ್ನು ನಾನು ಮೊದಲು ಕಂಡುದು ಆಗ. 1550ರಲ್ಲಿ ವಿಜಯನಗರದ ರಾಮಾಮಾತ್ಯನು ತನ್ನ ಸ್ವರಮೇಳಕಲಾನಿಧಿಯಲ್ಲಿ ಶುದ್ಧಮೇಳ, ಮಧ್ಯಮೇಳ, ಅಚ್ಯುತರಾಜೇಂದ್ರಮೇಳ ಎಂದು ವೀಣೆಗಳನ್ನು ವಿಂಗಡಿಸಿ, ಯಾವ ತಂತಿಯಲ್ಲಿ ಯಾವ ಮೆಟ್ಟಿಲಿಗೆ ಯಾವ ಸ್ವರವೆಂದು ನಿರೂಪಿಸುತ್ತಾನೆ. 17ನೆಯ ಶತಮಾನದಲ್ಲಿ ತಂಜಾವೂರನ್ನು ಆಳಿದ ರಘುನಾಥನಾಯಕನ ಕಾಲದಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳ ಇಂದಿನ ವ್ಯವಸ್ಥೆ ನೆಲೆಗೊಂಡಿತೆಂಬುದು ಸಂಪ್ರದಾಯ. ಅಷ್ಟೆಲ್ಲ ಶಾಸ್ತ್ರವನ್ನೂ ಆಚಾರ್ಯರು ಒಂದು ಹಲಗೆಯ ಮೇಲೆ ಸಾಲಾಗಿ ಮಲಗಿಸಿದ್ದರು. ಉಳಿದುದು ಬರಿಯ ಮರ.

ದಂಡಿಯ ಮೇಲುಹಲಗೆಯ ಕೊನೆಯನ್ನು ಎತ್ತಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸಂಧಿಯ ಸುತ್ತ ಸುತ್ತಿ, ಅದು ಆರಿದಂತೆಲ್ಲ ಇನ್ನೊಂದನ್ನು ಸುತ್ತಿ, ಅರಗಿನ ಮೆರುಗಿಗೆ ನೀರು ತಾಗದಂತೆ ಸುತ್ತಲೂ ಎಣ್ಣೆ ಸವರಿದ ಬಟ್ಟೆಯನ್ನು ಹೊದಿಸಿ, ಅವರು ಕಾದರು. ಮರವಜ್ರದ ಗುಣವೇ ಇದು: ಚರ್ಮವನ್ನು ಕುದಿಸಿ ತೆಗೆದ ಈ ಅಂಟು ಒಣಗಿದಾಗ ಮರಕ್ಕಿಂತ ಗಟ್ಟಿ, ಕಾವೂ ನೀರೂ ಕೂಡಿ ಬಂದಾಗ ಮೊಸರಿಗಿಂತ ಮೆದು. ಸಂಧಿಯ ಒಂದು ಪಾರ್ಶ್ವ ಸದ್ದಿಲ್ಲದೆ ಬಿಟ್ಟುಕೊಟ್ಟಿತು. ಇನ್ನೊಂದು ಬಿಡಲಿಲ್ಲ. ಕಾವು ಕೊಟ್ಟರು, ಬಿಡಲಿಲ್ಲ. ಕೊನೆಗೆ ದಂತದ ಬಳ್ಳಿಯನ್ನು ಎಲೆಯೆಲೆಯಾಗಿ ಬಿಡಿಸಿ ನೋಡಿದರೆ, ಅದರ ಕೆಳಗೆ ಕಬ್ಬಿಣದ ಮೊಳೆ! ಯಾವ ಕಾಲದಲ್ಲಿ ಯಾರು ಹೊಡೆದರೋ; ಹೊಡೆದ ಗುರುತನ್ನು ಮಾತ್ರ ದಂತದಿಂದ ಮುಚ್ಚಿದ ಜಾಣತನ ಅವರದು. ತುಕ್ಕು ಬೀಟೆಯ ಒಳಕ್ಕೆ ಇಳಿದು ಸುತ್ತಣ ಮರವನ್ನು ಮಸಿಯಾಗಿಸಿದ್ದಿತು. ಅಲ್ಲಿ ಮರಕ್ಕೆ ಬಲವಿಲ್ಲ, ಅಂಟಿಗೆ ಹಿಡಿತವಿಲ್ಲ. ಕಬ್ಬಿಣ ಹಿಗ್ಗುವುದಿಲ್ಲ ಕುಗ್ಗುವುದಿಲ್ಲವೆಂದಲ್ಲ. ಮರ ಮಳೆಗಾಲಕ್ಕೆ ಉಬ್ಬಿ ಬೇಸಗೆಗೆ ಸೊರಗುವ ತಾಳಕ್ಕೆ ಅದು ಕೂಡದು. ಆಚಾರ್ಯರು ಮೊದಲ ಬಾರಿ ಒಂದು ಕಟುವಾದ ಮಾತನ್ನಾಡಿದರು. ಅದನ್ನಿಲ್ಲಿ ಬರೆಯುವಂತಿಲ್ಲ.

ದಂಡಿಯ ತುದಿಯಲ್ಲಿ ಕೊಡದ ಕುತ್ತಿಗೆಯ ಕಚ್ಚಿನೊಳಗೆ ಕೂರತಕ್ಕ ಮರದ ನಾಲಗೆಯೊಂದುಂಟು. ಅದೇ ಕೆಟ್ಟಿದ್ದಿತು. ಕೆಟ್ಟಷ್ಟನ್ನೇ ಕತ್ತರಿಸಿ, ಹೊಸ ತುಂಡನ್ನು ಓರೆಯಾಗಿ ಉದ್ದುದ್ದಕ್ಕೆ ಬೆಸೆಯಬೇಕಾಗಿತ್ತು. ಓರೆ ಉದ್ದವಾದಷ್ಟೂ ಅಂಟಿಗೆ ಸ್ಥಳ ಹೆಚ್ಚು, ಮರದ ಎಳೆ ಎಳೆಗೆ ಕೂಡುವುದೂ ಹೆಚ್ಚು. ಹೊಸ ತುಂಡೆಂದು ನಾನಂದೆ. ಅವರು ಆರಿಸಿದುದು ಹಳೆಯ ಬೀಟೆಯ ಮಂಚವೊಂದರ ಕಾಲನ್ನು. ಹೊಸಮರ ಇನ್ನೂ ಒಣಗುತ್ತ ಹೋಗುವುದರಿಂದ ಹಳೆಯದರ ಜೊತೆಗೆ ಬಾಳದು. ಮಂಚದ ಕಾಲು ಒಣಗಬೇಕಾದಷ್ಟು ಒಣಗಿ ಎರಡು ತಲೆಮಾರಿನಷ್ಟು ಕಾಲ ಸುಮ್ಮನಿದ್ದುದು. ಬೀಟೆಯ ಮೈಯಲ್ಲಿ ಒಂದು ಬಗೆಯ ಜಿಡ್ಡಿದೆ. ಕೀಸಿ ಬಹಳ ಹೊತ್ತು ಬಿಟ್ಟರೆ ಅದು ಮೇಲಕ್ಕೆ ಬಂದು ಅಂಟನ್ನು ಒಲ್ಲೆನ್ನುತ್ತದೆ. ಆದುದರಿಂದ ಎರಡು ಮುಖಗಳನ್ನೂ ಉಳಿಯಿಂದ ಅಂಟಿಸುವ ಗಳಿಗೆಗೆ ಸರಿಯಾಗಿ ಹೆರೆದು, ನೀರಿನ ಪಾತ್ರೆಯೊಳಗೆ ಇಟ್ಟ ಇನ್ನೊಂದು ಪಾತ್ರೆಯಲ್ಲಿ ಕುದಿಯಗೊಡದೆ ಕಾಯಿಸಿದ ಮರವಜ್ರವನ್ನು ಸವರಿ, ಕೂರಿಸಿ, ಹುರಿಹಗ್ಗವನ್ನು ಸುತ್ತಿ, ಹಗ್ಗದೊಳಗೆ ಕೋಲು ತೂರಿಸಿ ತಿರುಚಿ ಬಿಗಿದರು. ಇವೆಲ್ಲವೂ ಅಂಟು ಹೆಪ್ಪುಗಟ್ಟುವುದರೊಳಗೆ ಮುಗಿಯಬೇಕು. ಅಷ್ಟು ನಿಧಾನದ ಮನುಷ್ಯರು ಅಷ್ಟು ತ್ವರೆಯಿಂದ ಕೆಲಸ ಮಾಡಿದುದನ್ನು ನಾನು ಆ ಒಂದು ಸಲ ಮಾತ್ರ ಕಂಡೆ.

ನಾಲಗೆ ಆರಿದ ಮೇಲೆ ಅದನ್ನು ಕೊಡದ ಕಚ್ಚಿಗೆ ಹೊಂದಿಸುವ ಕೆಲಸ. ಕಚ್ಚಿನೊಳಗೆ ಕಾಡಿಗೆಯನ್ನು ತೆಳ್ಳಗೆ ಬಳಿದು, ನಾಲಗೆಯನ್ನು ಕೂರಿಸಿ ತೆಗೆದು, ಕಪ್ಪು ಹತ್ತಿದ ಕಡೆ ಮಾತ್ರ ಅರದಿಂದ ಉಜ್ಜುವುದು. ಮತ್ತೆ ಕೂರಿಸುವುದು, ಮತ್ತೆ ತೆಗೆಯುವುದು. ನೋಡುವವನಿಗೆ ಇದರಲ್ಲಿ ಏನೂ ಸ್ವಾರಸ್ಯವಿಲ್ಲ. ನಾನು ಆ ದಿನಗಳಲ್ಲಿ ಹೆಚ್ಚಾಗಿ ಅವರ ಮೊಮ್ಮಗನ ಜೊತೆಗೆ ಗೋಲಿಯಾಡಿದೆ. ಅಂತೂ ಕೊನೆಗೆ ನೂಲು ಹಿಡಿದಾಗ ಅದರ ಕೆಳಗೆ ಬೆಳಕು ಕಾಣಲಿಲ್ಲ. ಮೊಳೆಯಿದ್ದ ಕುಳಿಗೆ ಬೀಟೆಯದೇ ಬೆಣೆ ಬಿದ್ದಿತು. ದಂತದ ಬಳ್ಳಿ ತನ್ನ ಸ್ಥಾನಕ್ಕೆ ಮರಳಿತು.

ವೀಣೆ ಮನೆಗೆ ಬಂದು, ಮೇಳ ಕಟ್ಟುವ ದಿನ ಆಚಾರ್ಯರೂ ಮೇಣದ ಬಾಣಲೆಯೊಡನೆ ನಮ್ಮ ನಡುಮನೆಗೆ ಬಂದರು. ನುಡಿಸುವವರು ಎದುರಿಗಿಲ್ಲದೆ ಅವರು ಮೇಳ ಕಟ್ಟುತ್ತಿರಲಿಲ್ಲ. ದಂಡಿಯ ಎರಡು ಅಂಚುಗಳಲ್ಲಿ ಮೇಣದ ಎರಡು ದಿಬ್ಬಗಳನ್ನೆಬ್ಬಿಸಿ, ಅವು ಬೆಚ್ಚಗಿರುವಾಗಲೇ ಮೆಟ್ಟಿಲನ್ನು ಕೂರಿಸಿ, ತಂತಿಯನ್ನು ಮೀಟಿ, ಕಿವಿಗೆ ಒಪ್ಪುವವರೆಗೂ ಅತ್ತಿತ್ತ ಸರಿಸುವುದೇ ಕ್ರಮ. ಲೆಕ್ಕದ ಸೌಕರ್ಯಕ್ಕಾಗಿ ಕುದುರೆಯಿಂದ ಮೇರುವಿನವರೆಗೆ ತಂತಿಯ ಉದ್ದ 32 ಅಂಗುಲವೆಂದು ಹಿಡಿದರೆ, 16 ಅಂಗುಲದಲ್ಲಿ ಮೇಲಿನ ಷಡ್ಜ, 24ರಲ್ಲಿ ಮಧ್ಯಮ, 21ರ ಮೇಲೆ ಮೂರರಲ್ಲೊಂದು ಪಾಲಿನಲ್ಲಿ ಪಂಚಮ. ಇವು ಕಾಗದದ ಮೇಲಿನ ಸ್ಥಾನಗಳು. ಒತ್ತಿದ ತಂತಿ ಬಿಗಿಯುವುದರಿಂದ ಮೆಟ್ಟಿಲಿನ ನಿಜವಾದ ಸ್ಥಾನ ಅದಕ್ಕಿಂತ ತುಸು ಆಚೆಗೆ ಹೋಗುತ್ತದೆ, ಎಷ್ಟು ಎಂಬುದನ್ನು ಅಳತೆಗೋಲು ಹೇಳದು. ಆಚಾರ್ಯರ ಬಳಿ ಅಳತೆಗೋಲೂ ಇರಲಿಲ್ಲ. ರಾಗಗಳ ಹೆಸರು ಅವರಿಗೆ ಹೆಚ್ಚಾಗಿ ತಿಳಿಯದು. ಆದರೆ ಮಂದ್ರದ ತಂತಿಯ ಏಳನೆಯ ಮೆಟ್ಟಿಲು ಪಂಚಮದ ಬಿಡಿತಂತಿಯೊಡನೆಯೂ, ಪಂಚಮದ ತಂತಿಯ ಐದನೆಯ ಮೆಟ್ಟಿಲು ಸಾರಣಿಯ ಬಿಡಿತಂತಿಯೊಡನೆಯೂ ಎರಡೆಂಬ ಭೇದ ಉಳಿಯದಂತೆ ಕೂಡಿದಾಗ ಅವರ ಮೂಗಿನಿಂದ ಒಂದು ಹೂಂಕಾರ ಹೊರಡುತ್ತಿತ್ತು. ಅದು ಹೊರಟ ಮೇಲೆ ಆ ಮೆಟ್ಟಿಲನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಸಂಶಯ ಬಂದ ಕಡೆ ಮೆಟ್ಟಿಲನ್ನು ಇಳಿಸಿಯೇ ಇಡುವರು. "ಇಳಿದ ಸ್ವರಾನ ಬೆರಳು ಎಳೆದು ಎತ್ಕೊಳ್ಳುತ್ತೆ ಅಮ್ಮಾವ್ರೇ, ಏರಿದ್ದನ್ನ ಇಳಿಸೋ ಬೆರಳು ಇನ್ನೂ ಹುಟ್ಟಿಲ್ಲ" ಎಂದು ಅದಕ್ಕೆ ಸಮಾಧಾನ.

ಈ ಮಾತೇ ಅವರಿಗೆ ತಿರುಗಿಬಿದ್ದಿತು. ಎರಡನೆಯ ಮೆಟ್ಟಿಲು ಸಾರಣಿಯಲ್ಲಿ ಚತುಶ್ರುತಿ ರಿಷಭವನ್ನೂ, ಅದೇ ಮೆಟ್ಟಿಲು ಪಂಚಮದ ತಂತಿಯಲ್ಲಿ ಚತುಶ್ರುತಿ ಧೈವತವನ್ನೂ ಕೊಡಬೇಕು. ರಿಷಭ ತಾಳದ ಪಂಚಮದೊಡನೆ ನಿಷ್ಕಳಂಕವಾಗಿ ಕೂಡಬೇಕಾದರೆ ಮೆಟ್ಟಿಲು ಒಂದೆಡೆ ಇರಬೇಕು. ಧೈವತ ಷಡ್ಜದೊಡನೆ ಮಧುರವಾಗಿ ನಿಲ್ಲಬೇಕಾದರೆ, ಆ 32 ಅಂಗುಲದ ಲೆಕ್ಕದಲ್ಲಿ, ಅಂಗುಲದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ಮೇರುವಿನ ಕಡೆಗೆ ಸರಿಯಬೇಕು. ಎರಡನ್ನೂ ಒಂದು ಕಂಚಿನ ಕಡ್ಡಿ ತಣಿಸಲಾರದು. ಆಚಾರ್ಯರು ರಿಷಭದ ಪಕ್ಷ, ಅತ್ತೆ ಧೈವತದ ಪಕ್ಷ.

"ಏರಿದ್ದನ್ನ ಇಳಿಸೋ ಬೆರಳು ಹುಟ್ಟಿಲ್ಲ ಅಂದವರು ನೀವೇ ಅಲ್ಲವೇ ಆಚಾರ್ರೇ? ಹಾಗಾದರೆ ಇಳಿಸಿಯೇ ಇಡಿ. ರಿಷಭವನ್ನ ನನ್ನ ಬೆರಳು ಎತ್ತಿಕೊಳ್ಳುತ್ತೆ."

"ಅಲಂಕಾರ ಹಾಕ್ದೆ ಸುಮ್ನೆ ಮೀಟಿದಾಗ ರಿಷಭ ಕೂಡ್ಬೇಕಮ್ಮಾ."

"ಸುಮ್ಮನೆ ಮೀಟೋವರ್ಯಾರು ಈ ಮನೇಲಿ?"

ಆಚಾರ್ಯರು ಉತ್ತರ ಕೊಡದೆ ಮೆಟ್ಟಿಲನ್ನು ತಮ್ಮ ಸ್ಥಾನದಲ್ಲಿಯೇ ಕೂರಿಸಿ, ಮೇಣವನ್ನು ನಯ ಮಾಡಿ, ಕಾಫಿ ಕುಡಿದು ಹೊರಟರು. ಸಂಧಿ ಅದಾದ ಮೇಲೆ ಅತ್ತೆ ಬದುಕಿದ್ದಷ್ಟು ಕಾಲವೂ ಕದಲಲಿಲ್ಲ. ತಾರದ ಷಡ್ಜ ಬೆರಳಿನ ಕೆಳಗೆ ಬೆಣ್ಣೆಯಂತೆ ಸಿಕ್ಕುತ್ತಿತ್ತು. ಮರದ ವಿಷಯದಲ್ಲಿ ಅವರಿಬ್ಬರಿಗೆ ಮತ್ತೊಂದು ಮಾತು ಬರಲಿಲ್ಲ. ಆದರೆ ಆ ವಿಜಯದಶಮಿಯ ಮುನ್ನಾದಿನ ನಾನು ಹಿತ್ತಿಲಿನಿಂದ ಒಳಗೆ ಬಂದಾಗ, ಅತ್ತೆ ದೋಸೆಯ ಸಟ್ಟುಗದ ತುದಿಯನ್ನು ಕೆಂಡದಲ್ಲಿ ಕಾಯಿಸಿ ಎರಡನೆಯ ಮೆಟ್ಟಿಲಿಗೆ ತಾಗಿಸಿ, ಹೆಬ್ಬೆರಳಿನಿಂದ ಅದನ್ನು ಮೇರುವಿನ ಕಡೆಗೆ ಒತ್ತುತ್ತಿದ್ದರು. ಮುಂದಿನ ವರ್ಷ ಮೇಳ ನೋಡಲು ಬಂದ ಆಚಾರ್ಯರು ಇಪ್ಪತ್ತನಾಲ್ಕರಲ್ಲಿ ಬೇರೆ ಯಾವುದನ್ನೂ ಪರೀಕ್ಷಿಸುವುದಕ್ಕೆ ಮುಂಚೆ ಅದರ ಬಳಿ ಬಾಗಿ, ಮೇಣದ ಮೇಲಿನ ಸಟ್ಟುಗದ ಗುರುತನ್ನು ನೋಡಿ, ಏನೂ ಅನ್ನದೆ ಕತ್ತಿಯನ್ನು ಕೆಂಡಕ್ಕೆ ಇಟ್ಟರು. ಪ್ರತಿವರ್ಷವೂ ಅವರು ರಿಷಭಕ್ಕೆ ಸರಿಸಿ ಹೋಗುವರು, ಅವರ ಚಪ್ಪಲಿಯ ಸದ್ದು ಬೀದಿಯ ತಿರುವನ್ನು ದಾಟಿದೊಡನೆ ಅತ್ತೆ ನನ್ನನ್ನು ಕೂಗಿ, ಒಲೆಯಲ್ಲಿ ಕೆಂಡವಿದೆಯೇ ನೋಡು ಎನ್ನುವರು.